ದುಬೈ ಪ್ಯಾಕಿಂಗ್: ಅಮ್ಮನ ಕೊಬ್ಬರಿ ಮತ್ತೆ ನನ್ನ 100 ಎಂಎಲ್ ಲೆಕ್ಕ

ನೋಡಿ, ಇದು ನಮ್ಮ ಉಡುಪಿ ಮನೆಯ ಚಾವಡಿ, ಕಾಲಿಡ್ಲಿಕ್ಕೆ ಜಾಗ ಇಲ್ಲ. ನಾಳೆ ರಾತ್ರಿ ಬಜ್ಪೆಯಿಂದ, ಅಂದ್ರೆ ಮಂಗಳೂರು ಏರ್‌ಪೋರ್ಟಿಂದ, ದುಬೈಗೆ ಫ್ಲೈಟ್, ಅಕ್ಕನ ಮನೆಗೆ ಹೋಗುದು. ಪ್ಯಾಕಿಂಗ್ ನಾನೇ ಮಾಡುದು ಅಂತ ಇದ್ದೆ, ಆದ್ರೆ ಅಮ್ಮ ಬೆಳಿಗ್ಗೆ ಆರು ಗಂಟೆಗೇ ಶುರು ಮಾಡಿಯಾಗಿದೆ. ಮಾವಿನ ಮಿಡಿ ಉಪ್ಪಿನಕಾಯಿ, ತುಪ್ಪ, ಹಲಸಿನ ಹಪ್ಪಳ ಎರಡು ಕಟ್ಟು, ಪುನರ್ಪುಳಿ ಸಿರಪ್, ತೆಂಗಿನೆಣ್ಣೆ ಒಂದು ಲೀಟರ್. ತೆಂಗಿನೆಣ್ಣೆ ಅಲ್ಲಿ ಸಿಗುದಿಲ್ವಾ ಅಂತ ಕೇಳ್ಬೇಡಿ, ನಾನು ಕೇಳಿ ಬೈಸಿಕೊಂಡಾಗಿದೆ. ಇದ್ರೆಡೆಯಲ್ಲಿ ನನ್ನ ಶಾಂಪೂ, ಸನ್‌ಸ್ಕ್ರೀನ್ ಎಲ್ಲಿ ಹೂತು ಹೋಗಿದೆಯೋ ದೇವರಿಗೇ ಗೊತ್ತು.

ಮೊದ್ಲು ಕ್ಯಾಬಿನ್ ಬ್ಯಾಗ್. ಇಂಟರ್‌ನ್ಯಾಷನಲ್ ಫ್ಲೈಟ್ ಅಂದ್ರೆ ನೀರಿನಂಥದ್ದು, ಕ್ರೀಮು, ಜೆಲ್, ಪೇಸ್ಟು, ಎಲ್ಲ ಒಂದೊಂದು 100 ಎಂಎಲ್ ಒಳಗಿನ ಬಾಟ್ಲಿಯಲ್ಲೇ ಇರ್ಬೇಕು, ಅದೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಜಿಪ್ ಕವರಲ್ಲಿ ಹಿಡಿಬೇಕು. ಇದ್ರಲ್ಲಿ ನಾನು ಹೋದ ವರ್ಷ ಸರಿಯಾಗಿ ಬಿದ್ದೆ ಮಾರಾಯ್ರೆ. 200 ಎಂಎಲ್ ಸನ್‌ಸ್ಕ್ರೀನ್ ಟ್ಯೂಬು, ಒಳಗೆ ಉಳಿದದ್ದು ಹಿಂಡಿ ಹಿಂಡಿ ತೆಗಿಬೇಕು ಅಷ್ಟೇ, "ಒಳಗೆ ಐವತ್ತು ಎಂಎಲ್ ಕೂಡ ಇಲ್ಲ ಸರ್" ಅಂತ ನಾನು ವಾದ ಮಾಡಿದ್ದೇ ಮಾಡಿದ್ದು. ಸೆಕ್ಯುರಿಟಿಯವರು ಟ್ಯೂಬಿನ ಹಿಂದೆ ಪ್ರಿಂಟ್ ಆದ 200ರ ಮೇಲೆ ಬೆರಳಿಟ್ಟು ತೋರಿಸಿದ್ರು, ಮಾತೇ ಆಡ್ಲಿಲ್ಲ. ಒಳಗೆ ಎಷ್ಟುಂಟು ಅನ್ನುದು ಲೆಕ್ಕ ಇಲ್ಲ, ಬಾಟ್ಲಿಯ ಸೈಜೇ ಲೆಕ್ಕ. ನನ್ನದೇ ತಪ್ಪು, ಆದ್ರೂ ಒಂಬೈನೂರು ರೂಪಾಯಿಯ ಟ್ಯೂಬು ಕಸದ ಡಬ್ಬಿಗೆ ಬೀಳುವ ಸದ್ದು ಇನ್ನೂ ಕಿವಿಯಲ್ಲುಂಟು.

ಈ ರೂಲ್ ಸುಮ್ನೆ ಬಂದದ್ದಲ್ಲ. 2006ರ ಆಗಸ್ಟಲ್ಲಿ ಲಂಡನ್‌ನಿಂದ ಅಮೆರಿಕ, ಕೆನಡಾ ಕಡೆ ಹೋಗುವ ವಿಮಾನಗಳೊಳಗೆ ಕೂಲ್‌ಡ್ರಿಂಕ್ಸ್ ಬಾಟ್ಲಿಯಲ್ಲಿ ಸ್ಫೋಟಕ ತಗೊಂಡು ಹೋಗುವ ಸಂಚು ಪೊಲೀಸರಿಗೆ ಸಿಕ್ಕಿಬಿತ್ತು, ಅಲ್ಲಿಂದ ಶುರುವಾದದ್ದು. ಅಮ್ಮನಿಗೆ ಇದನ್ನು ಹೇಳಿದ್ದಕ್ಕೆ "ಹಾಗಾದ್ರೆ ತೆಂಗಿನೆಣ್ಣೆ ಫ್ರಿಜ್ಜಲ್ಲಿಡು, ಗಟ್ಟಿಯಾದ್ರೆ ಅದು ನೀರಲ್ವಲ್ಲ" ಅಂತ. ಲಾಜಿಕ್ ಚೆನ್ನಾಗುಂಟು, ಆದ್ರೆ ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗ್ತದೆ, ನಮ್ಮ ಸೆಕೆಗೆ ಅದು ಕಾರಿಂದ ಇಳಿಯುವ ಮೊದ್ಲೇ ನೀರು. ಗಟ್ಟಿಯಿದ್ರೂ ಅಷ್ಟೇ, ಕ್ರೀಮಿನ ಲೆಕ್ಕಕ್ಕೆ ಹೋಗ್ತದೆ. ಹಾಗಾಗಿ ನನ್ನ ಕವರಿಗೆ ಹತ್ತು ರೂಪಾಯಿಯ ಪುಟ್ಟ ಟೂತ್‌ಪೇಸ್ಟು, ಸಣ್ಣ ಬಾಟ್ಲಿಗೆ ಸುರಿದ ಶಾಂಪೂ, ಫೇಸ್‌ವಾಶ್, ಅಷ್ಟೇ. ಸೋಪು ಬಿಲ್ಲೆಗೆ ಈ ತಲೆಬಿಸಿ ಇಲ್ಲ, ಮೈಸೂರು ಸ್ಯಾಂಡಲ್ ಹಾಗೇ ಬ್ಯಾಗಿಗೆ ಹಾಕಿದೆ.

ಈಗ ದೊಡ್ಡ ಸೂಟ್‌ಕೇಸ್. ಉಪ್ಪಿನಕಾಯಿ, ತುಪ್ಪ, ಎಣ್ಣೆ, ಸಿರಪ್ಪು, ಎಲ್ಲ ಇದಕ್ಕೇ. ಎಣ್ಣೆ ತುಪ್ಪಕ್ಕೆ ಕೆಲವು ಏರ್‌ಲೈನಿನವರದ್ದು ಬೇರೆ ಲಿಮಿಟ್ ಇರ್ತದೆ, ಟಿಕೆಟ್ ಜೊತೆಗೆ ಅದನ್ನೂ ನೋಡಿಡಿ. ಅಮ್ಮನ ಕೈ ನೋಡಿ ಈಗ, ಕ್ಯಾಮೆರಾ ಹತ್ರ ತಗೊಂಡು ಹೋಗ್ತೇನೆ. ಭರಣಿಯಿಂದ ಮಿಡಿ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ದು, ಬಾಯಿವರೆಗೆ ತುಂಬ್ಸಿಲ್ಲ, ಎರಡು ಬೆರಳು ಜಾಗ ಬಿಟ್ಟಿದ್ದಾಳೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿ, ಮೇಲೆ ಮುಚ್ಚಳ ತಿರುಗಿಸಿ, ಸುತ್ತ ಟೇಪು, ಆಮೇಲೆ ಕವರು, ಇನ್ನೊಂದು ಕವರು, ಕೊನೆಗೆ ಅಪ್ಪನ ಹಳೇ ಮುಂಡಲ್ಲಿ ಸುತ್ತಿ ನಡುವಲ್ಲಿ ಇಡುದು. ಸೂಟ್‌ಕೇಸಿನ ಅಂಚಲ್ಲಿ ಇಟ್ರೆ ಎತ್ತಿ ಬಿಸಾಡುವಾಗ ಪೆಟ್ಟು ಅದಕ್ಕೇ ಮೊದ್ಲು. ಮುಂಡು ಯಾಕೆ ಅಂದ್ರೆ ಲೀಕ್ ಆದ್ರೂ ಅದು ಕುಡಿತದೆ, ನನ್ನ ಸೀರೆ ಉಳಿತದೆ.

ಆಮೇಲೆ ನಮ್ಗೆ ಜಗಳ ಆಯ್ತು, ಎರಡು ವಿಷ್ಯಕ್ಕೆ. ಒಂದು ಕೊಬ್ಬರಿ. ಅರ್ಧ ಕಿಲೋ ಒಣ ಕೊಬ್ಬರಿ ಒಳಗೆ ಸೇರಿಸಿದ್ದಾಳೆ. ಕ್ಯಾಬಿನ್ನಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ ಅಂದೆ, ನಂಬ್ಲೇ ಇಲ್ಲ. ಉಪ್ಪಿನಕಾಯಿ ಬಿಡ್ತಾರಂತೆ, ಕೊಬ್ಬರಿ ಬಿಡುದಿಲ್ಲಂತೆ, ಯಾವ ನ್ಯಾಯ ಅಂತ. ವಿಷ್ಯ ಎಂತ ಅಂದ್ರೆ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ, ಅದು ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹಿಡಿಯುವ ಸಾಮಾನಿನ ಪಟ್ಟಿಯಲ್ಲುಂಟು, ಅಪಾಯದ ಸಾಮಾನಿಗೆ ಕೊಡುವ ನಂಬರೂ ಅದಕ್ಕೊಂದುಂಟು, ಯುಎನ್ 1363 ಅಂತ. ತೆಂಗಿನ ಊರಿನವರಾಗಿ ನಮ್ಗೇ ಗೊತ್ತಿಲ್ಲ ನೋಡಿ. ಎರಡನೇದು ಗಸಗಸೆ, ಅಕ್ಕನಿಗೆ ಪಾಯಸಕ್ಕೆ ಅಂತ. ಇದು ಮಾತ್ರ ತಮಾಷೆ ಅಲ್ಲ ಆಯ್ತಾ, ಯುಎಇಯಲ್ಲಿ ಗಸಗಸೆ ಅಂದ್ರೆ ಅಫೀಮಿನ ಲೆಕ್ಕ, ಜೈಲು ಕಂಡವರಿದ್ದಾರೆ. ಇದಕ್ಕೆ ಅಮ್ಮ ಮರುಮಾತಾಡದೆ ಪೊಟ್ಟಣ ತಗೊಂಡು ಅಡಿಗೆ ಮನೆಗೆ ಹೋದ್ಲು. ಊದುಬತ್ತಿ ಜೊತೆ ಸೇರಿದ್ದ ಕಡ್ಡಿಪೆಟ್ಟಿಗೆ ಕೂಡ ವಾಪಸ್.

ಪವರ್ ಬ್ಯಾಂಕ್ ಎಣ್ಣೆ ತುಪ್ಪದ ಉಲ್ಟಾ, ಅದು ಸೂಟ್‌ಕೇಸಿಗೆ ಹಾಕುವಂತಿಲ್ಲ, ಕೈಯಲ್ಲೇ ಇರ್ಬೇಕು, ಲಿಥಿಯಂ ಬ್ಯಾಟ್ರಿ ಬೆಂಕಿ ಹಿಡಿದ್ರೆ ಮೇಲೆ ಕಾಣ್ತದೆ, ನಂದಿಸ್ಬಹುದು, ಕೆಳಗೆ ಲಗೇಜಿನ ರಾಶಿಯಲ್ಲಿ ಯಾರು ನೋಡುದು. 100 ವ್ಯಾಟ್ ಅವರ್ ಒಳಗಿದ್ರೆ ಪರ್ಮಿಷನ್ ಬೇಡ. ನನ್ನದು 20,000 ಎಂಎಎಚ್, ಅದನ್ನು ಬ್ಯಾಟ್ರಿಯ ವೋಲ್ಟೇಜ್ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ರೆ 74 ವ್ಯಾಟ್ ಅವರ್, ಸಾಕು. ಕತ್ತರಿ, ಬ್ಲೇಡು ಮಾತ್ರ ಸೂಟ್‌ಕೇಸಿಗೆ.

ಮಾರನೇ ದಿನ ಸಂಜೆ ಮುಲ್ಕಿ, ಕಿನ್ನಿಗೋಳಿ, ಕಟೀಲು ದಾರಿಯಾಗಿ ಬಜ್ಪೆಗೆ ಹೋದೆವು. ಸೆಕ್ಯುರಿಟಿಯಲ್ಲಿ ಕ್ಯಾಮೆರಾ ಆಫ್, ಹಾಗಾಗಿ ಬಾಯಲ್ಲೇ ಹೇಳ್ತೇನೆ. ನನ್ನ ಜಿಪ್ ಕವರು ಟ್ರೇಯಲ್ಲಿ ಸೀದಾ ಪಾಸು, ನಾನು ಬೀಗ್ತಾ ನಿಂತಿದ್ದೆ, ಅಷ್ಟರಲ್ಲಿ ಅದ್ರ ಹಿಂದೆ ಬರ್ತಿದ್ದ ನನ್ನ ಬ್ಯಾಗು ಪಕ್ಕಕ್ಕೆ ಹೋಯ್ತು. ಒಳಗೆ ಸ್ಟೀಲ್ ಡಬ್ಬಿ, ನಾನು ಇಟ್ಟದ್ದೇ ಅಲ್ಲ. ತೆಗೆದು ನೋಡಿದ್ರೆ ಆರು ಬನ್ಸ್, ಇನ್ನೂ ಸ್ವಲ್ಪ ಬಿಸಿ. ಚೆಕ್ ಮಾಡಿದವರು ಮುಚ್ಚಳ ಹಾಕುವ ಮೊದ್ಲು ಒಂದು ಸಲ ಮೂಸಿ ನೋಡಿದ್ರು, ಚಟ್ನಿ ಉಂಟಾ ಅಂತ ಕೇಳಿದ್ರು. ಇಲ್ಲ ಸರ್ ಅಂದೆ. ಆಮೇಲೆ ಗೇಟಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದ್ರೆ, "ಚಟ್ನಿ ನೀರಲ್ವಾ, ಅದಕ್ಕೇ ಹಾಕ್ಲಿಲ್ಲ" ಅಂದ್ಲು.