ಆ ಪೈಪ್ ಇವತ್ತೂ ಬೇಕಾ, ಸಿಸ್ಟರ್?

ನಮಸ್ಕಾರ. ಇವತ್ತು ಉಚ್ಚೆಯ ಬಗ್ಗೆ ಮಾತಾಡೋಣ. ಮುಖ ಸಿಂಡರಿಸಬೇಡಿ. ವಾರ್ಡಿನಲ್ಲಿ ನನ್ನಂಥ ಸಿಸ್ಟರ್‌ಗಳ ದಿನ ಶುರುವಾಗುವುದೇ ಅದರ ಲೆಕ್ಕದಿಂದ.

ಮಂಚದ ಪಕ್ಕ ನೇತಾಡುವ ಯೂರಿನ್ ಬ್ಯಾಗ್ ನೋಡಿದ್ದೀರಿ ಅಲ್ವಾ? ಅದಕ್ಕೆ ಬರುವ ಪೈಪೇ ಫೋಲೀಸ್ ಕ್ಯಾಥಿಟರ್. ತುದಿಯಲ್ಲಿ ಪುಟ್ಟ ಬಲೂನು. ಮೂತ್ರಕೋಶದೊಳಗೆ ಹೋದ ಮೇಲೆ ಅದಕ್ಕೆ ಸುಮಾರು 10 ಮಿ.ಲೀ. ನೀರು ತುಂಬುತ್ತೇವೆ, ಜಾರಿ ಹೊರಗೆ ಬರದ ಹಾಗೆ. ಅದಕ್ಕೇ ಹೇಳೋದು, ಗಾಬರಿಯಲ್ಲಿ ನೀವೇ ಎಳೆಯಬೇಡಿ. ಬಲೂನಿನ ಸಮೇತ ಎಳೆದರೆ ರಕ್ತ ಬರುತ್ತದೆ.

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ರಾತ್ರಿಯಿಡೀ ಒಂದು ಹನಿಯೂ ಹೋಗದೆ ಒದ್ದಾಡಿದ ಅಜ್ಜನಿಗೆ ಈ ಪೈಪೇ ದೇವರು. ಹಾಕಿದ ಸ್ವಲ್ಪ ಹೊತ್ತಿಗೇ ಗೊರಕೆ ಹೊಡೆದವರನ್ನು ನೋಡಿದ್ದೇನೆ. ಹಾಕುವುದಕ್ಕೆ ನನ್ನ ತಕರಾರಿಲ್ಲ. ತೆಗೆಯದೇ ಬಿಡುವುದಕ್ಕೆ ಇದೆ.

ಪೈಪ್ ಒಳಗಿದ್ದಷ್ಟೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಏರುತ್ತಲೇ ಹೋಗುತ್ತದೆ, ದಿನಕ್ಕೆ ಶೇಕಡಾ 3ರಿಂದ 7ರಷ್ಟು. ತಿಂಗಳಾದರೆ ಹೆಚ್ಚುಕಮ್ಮಿ ಎಲ್ಲರಿಗೂ ಸೇರಿರುತ್ತದೆ. ಇಷ್ಟು ಗೊತ್ತಿದ್ದೂ ಯಾಕೆ ಬಿಡುತ್ತೇವೆ? ನಮ್ಮ ಅನುಕೂಲಕ್ಕೆ. ಅಜ್ಜಿಯನ್ನು ಹೊರಳಿಸಿ ಬೆಡ್‌ಪ್ಯಾನ್ ಇಡಲು ಇಬ್ಬರು ಬೇಕು. ರಾತ್ರಿ ಪಾಳಿಯಲ್ಲಿ ಇರುವವಳು ಒಬ್ಬಳು. ಮನೆಯವರೂ 'ಇರಲಿ ಬಿಡಿ ಸಿಸ್ಟರ್, ಬಟ್ಟೆ ಒದ್ದೆಯಾಗಲ್ಲ' ಅನ್ನುತ್ತಾರೆ.

ಇನ್ನೊಂದು ಸಿಟ್ಟು ಬರುವ ವಿಷಯ. ಸ್ಕ್ಯಾನಿಂಗಿಗೆ ತಳ್ಳಿಕೊಂಡು ಹೋಗುವಾಗ ಬ್ಯಾಗನ್ನು ರೋಗಿಯ ಹೊಟ್ಟೆ ಮೇಲೆ ಇಟ್ಟುಬಿಡುತ್ತಾರೆ! ಬ್ಯಾಗಿನಲ್ಲಿದ್ದದ್ದು ವಾಪಸ್ ಒಳಗೆ ಹರಿಯಬಹುದು. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಕಲಿಯುವಾಗ ನಾನೂ ಹಾಗೆ ಇಟ್ಟವಳೇ. ಹಿರಿಯ ಸಿಸ್ಟರ್ ಲಿಫ್ಟಿನಲ್ಲಿ ಎಲ್ಲರ ಎದುರೇ ಬೈದಿದ್ದರು.

ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ, ಪೈಪ್ ಹಾಕಿದ ಕಾರಣ ಮುಗಿದಿದ್ದರೆ ಸಿಸ್ಟರೇ ತೆಗೆಯಬಹುದು ಎಂಬ ಲಿಖಿತ ನಿಯಮವಿದೆ. ನಾವು ಡಾಕ್ಟರ್ ರೌಂಡ್ಸಿಗೆ ಕಾಯುತ್ತೇವೆ. ಅವರು ಮರೆತರೆ ಇನ್ನೊಂದು ದಿನ. ಆ ಅಧಿಕಾರ ನಮಗೂ ಕೊಡಿ ಅನ್ನುವುದು ನನ್ನ ವಾದ. ಅಲ್ಲಿಯವರೆಗೆ ರೋಗಿಯ ಮನೆಯವರು ದಿನಾ ಬೆಳಗ್ಗೆ ಒಂದೇ ಪ್ರಶ್ನೆ ಕೇಳಿ: 'ಈ ಪೈಪ್ ಇವತ್ತೂ ಬೇಕಾ?' ನಮಗೆ ಬೇಜಾರಾಗಲ್ಲ. ಆದರೂ ಸ್ವಲ್ಪ ಹೊತ್ತು ಮುಖ ಗಂಟಾಗಬಹುದು, ತಪ್ಪು ತಿಳಿಯಬೇಡಿ.

ತೆಗೆದ ಮೇಲೂ ನಮ್ಮ ಕೆಲಸ ಮುಗಿಯಲ್ಲ. ತಾನಾಗೇ ಹೋಯಿತಾ, ಎಷ್ಟು ಹೋಯಿತು, ಹೊಟ್ಟೆ ಗಟ್ಟಿಯಾಗಿದೆಯಾ ಅಂತ ಮುಂದಿನ ಐದಾರು ಗಂಟೆ ನೋಡುತ್ತಲೇ ಇರಬೇಕು. ಕೊನೆಗೆ ಅಜ್ಜಿ ಬಾತ್‌ರೂಮಿನ ಬಾಗಿಲು ಹಿಡಿದು 'ಹೋಯ್ತು ಕಣವ್ವ' ಅಂದಾಗ, ನಾನು ಚಾರ್ಟಿನಲ್ಲಿ ಬರೆಯುತ್ತೇನೆ: 200 ಮಿ.ಲೀ.