ಹಗಲಿನ ಕರೆಂಟಿಗೆ ಬೇಕಾದ ಬಂಡವಾಳ

ನಮಸ್ಕಾರ. ಸೌರ ವಿದ್ಯುತ್ತಿನ ಮಾತು ಬಂದಾಗಲೆಲ್ಲ ಮೆಗಾವ್ಯಾಟ್ ಎಷ್ಟು, ಯೂನಿಟ್ಟಿನ ದರ ಎಷ್ಟು, ಹಾಕಿದ ಹಣ ಎಷ್ಟು ವರ್ಷಕ್ಕೆ ಕೈಸೇರುತ್ತದೆ ಎಂಬ ಮೂರು ಪ್ರಶ್ನೆಗಳಲ್ಲೇ ಚರ್ಚೆ ಮುಗಿದುಹೋಗುತ್ತದೆ. ಈ ಉದ್ಯಮದಲ್ಲಿ ಹಣ ತೊಡಗಿಸಿರುವ ನನಗೆ ಆ ಮೂರೂ ಮುಖ್ಯವೇ. ಆದರೆ ಇವತ್ತು ನಾನು ಎತ್ತಬೇಕೆಂದಿರುವುದು, ಸಾಲ ಕೊಡುವ ಬ್ಯಾಂಕಿನ ಮೇಜಿನ ಮೇಲೆ ಎಂದೂ ಬಾರದ ನಾಲ್ಕನೆಯ ಪ್ರಶ್ನೆಯನ್ನು: ಈ ವಿದ್ಯುತ್ತು ದಿನದ ಯಾವ ಹೊತ್ತಿಗೆ ಬರುತ್ತದೆ, ಮತ್ತು ಆ ಹೊತ್ತಿನಲ್ಲಿ ಅದನ್ನು ಬಳಸಬೇಕಾದವನು ಎಲ್ಲಿ ನಿಂತಿರುತ್ತಾನೆ?

ನಮ್ಮ ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಅವುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟ್ ಕೊಡುವುದು ಸರ್ಕಾರ ಒಪ್ಪಿಕೊಂಡಿರುವ ಲೆಕ್ಕ. ಆದರೆ ಆ ಏಳು ಗಂಟೆಗಳನ್ನು ಒಂದೇ ಸಲಕ್ಕೆ ಎಲ್ಲರಿಗೂ ಹಗಲಿನಲ್ಲಿ ಕೊಡಲು ಸಾಧ್ಯವಾಗದೆ, ಸಬ್‌ಸ್ಟೇಷನ್ನಿನಿಂದ ಹೊರಡುವ ಫೀಡರುಗಳೆಂಬ ಲೈನುಗಳನ್ನು ಪಾಳಿಗಳಾಗಿ ಹಂಚಿ, ಒಂದು ಭಾಗಕ್ಕೆ ಹಗಲಿನಲ್ಲೂ ಇನ್ನೊಂದು ಭಾಗಕ್ಕೆ ರಾತ್ರಿಯಲ್ಲೂ ವಿದ್ಯುತ್ ಹರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ರಾತ್ರಿ ಪಾಳಿ ಬಂದ ರೈತ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು, ಟಾರ್ಚು ಹಿಡಿದು, ಕೊಳವೆಬಾವಿಯ ಹತ್ತಿರ ಹೋಗಿ, ಕೆಸರಿನಲ್ಲಿ ನಿಂತು ತುಕ್ಕು ಹಿಡಿದ ಪೆಟ್ಟಿಗೆಯ ಬಾಗಿಲು ತೆಗೆದು ಸ್ಟಾರ್ಟರ್ ಒತ್ತುತ್ತಾನೆ. ಮಡಿಯಿಂದ ಮಡಿಗೆ ನೀರು ತಿರುಗಿಸುವಾಗ ಕಾಲ ಕೆಳಗೆ ಕೊಳಕುಮಂಡಲ ಇರಬಹುದು, ನಾಗರ ಇರಬಹುದು. ತುಮಕೂರು, ಮೈಸೂರು ಭಾಗದಲ್ಲಿ ಚಿರತೆ, ಬಳ್ಳಾರಿಯ ಕಡೆ ಕರಡಿ, ಹಾಸನ ಮತ್ತು ಚಾಮರಾಜನಗರದ ಅಂಚಿನಲ್ಲಿ ಆನೆ. ಈ ಯಾವುದೂ ರೈತನಿಗೆ ಹೊಸ ಸುದ್ದಿಯಲ್ಲ. ಆಟೋ ಸ್ಟಾರ್ಟರ್ ಹಾಕಿಸಿ ಮನೆಯಲ್ಲೇ ಮಲಗಿದರೆ, ಕರೆಂಟ್ ಬಂದ ಕ್ಷಣದಲ್ಲಿ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ತಿರುಗತೊಡಗಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ಫ್ಯೂಸ್ ಹೋದರೆ ಲೈನ್‌ಮನ್ ಬರುವವರೆಗೆ ಬೆಳೆ ಕಾಯುವುದಿಲ್ಲವೆಂದು ಯಾರಾದರೊಬ್ಬರು ತಾವೇ ಕಂಬ ಹತ್ತುತ್ತಾರೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ಹೊಲದಲ್ಲಿ ಹಾವು ಕಡಿದು ಸತ್ತವನು ಹಾವಿನ ಲೆಕ್ಕಕ್ಕೆ ಹೋಗುತ್ತಾನೆ, ಚಿರತೆಗೆ ಸಿಕ್ಕವನು ಅರಣ್ಯ ಇಲಾಖೆಯ ಲೆಕ್ಕಕ್ಕೆ, ಶಾಕ್ ಹೊಡೆದು ಸತ್ತವನು ವಿದ್ಯುತ್ ಹಂಚುವ ಕಂಪನಿಯಾದ ಎಸ್ಕಾಂ ಲೆಕ್ಕಕ್ಕೆ. ಆ ಮೂವರನ್ನೂ ಆ ಹೊತ್ತಿನಲ್ಲಿ ಹೊಲಕ್ಕೆ ಕರೆಸಿದ ವಿದ್ಯುತ್ ವೇಳಾಪಟ್ಟಿಯ ಲೆಕ್ಕಕ್ಕೆ ಯಾರನ್ನೂ ಬರೆಯುವುದಿಲ್ಲ. ಸೌರ ವಿದ್ಯುತ್ತಿನ ಮೇಲಿನ ಹೂಡಿಕೆಯನ್ನು ಸಾರ್ವಜನಿಕ ಸುರಕ್ಷತೆಯ ವಿಷಯವೆಂದು ನಾನು ನೋಡತೊಡಗಿದ್ದು ಈ ಕಾರಣದಿಂದ. ಸೂರ್ಯ ಇರುವಾಗ ಮಾತ್ರ ಉತ್ಪಾದನೆಯಾಗುತ್ತದೆ ಎಂಬುದು ನಮ್ಮ ಉದ್ಯಮದ ದೊಡ್ಡ ದೌರ್ಬಲ್ಯವೆಂದು ಎಲ್ಲ ಸಭೆಗಳಲ್ಲೂ ಕೇಳುತ್ತೇವೆ. ನೀರು ಹಾಯಿಸುವವನ ಮಟ್ಟಿಗೆ ಅದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ.

ಇದನ್ನು ಬೇರೆ ರಾಜ್ಯಗಳು ನಮಗಿಂತ ಮೊದಲೇ ಗುರುತಿಸಿದವು. ಗುಜರಾತ್ 2020ರ ಅಕ್ಟೋಬರಿನಲ್ಲಿ ಕಿಸಾನ್ ಸೂರ್ಯೋದಯ ಯೋಜನೆಯನ್ನು ಆರಂಭಿಸಿ, ಬೆಳಗಿನ ಐದರಿಂದ ರಾತ್ರಿ ಒಂಬತ್ತರ ನಡುವೆ ಕೃಷಿಗೆ ವಿದ್ಯುತ್ ಕೊಡುವುದಾಗಿ ಹೇಳಿತು. ಮಹಾರಾಷ್ಟ್ರ ತನ್ನ ಕೃಷಿ ಫೀಡರುಗಳನ್ನು ಸೌರ ವಿದ್ಯುತ್ತಿಗೆ ಬದಲಾಯಿಸುವ ಯೋಜನೆಯನ್ನು 2023ರಲ್ಲಿ ಬಹಳ ದೊಡ್ಡದಾಗಿ ವಿಸ್ತರಿಸಿತು. ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರದ್ದು. ಅದರ ‘ಸಿ’ ಭಾಗದಲ್ಲಿ ಫೀಡರ್ ಮಟ್ಟದ ಸೌರೀಕರಣಕ್ಕೆ ಮೆಗಾವ್ಯಾಟಿಗೆ 1.05 ಕೋಟಿ ರೂಪಾಯಿವರೆಗೆ ಕೇಂದ್ರದ ನೆರವು ನಿಗದಿಯಾಯಿತು. ನಮ್ಮಲ್ಲಿ ಈ ಭಾಗದ ಘಟಕವೊಂದು ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಉದ್ಘಾಟನೆಯಾಯಿತು.

ಇದರ ವಿಧಾನ ಬಹಳ ಸರಳ. ಹಳ್ಳಿಯ ಸಬ್‌ಸ್ಟೇಷನ್ನಿನ ಹತ್ತಿರ ಮೆಗಾವ್ಯಾಟಿಗೆ ಸುಮಾರು ನಾಲ್ಕೈದು ಎಕರೆಯಂತೆ ಜಮೀನು ಹಿಡಿದು, ಅಲ್ಲಿ ಪ್ಯಾನೆಲ್‌ಗಳನ್ನು ಕೂರಿಸಿ, ಉತ್ಪಾದನೆಯಾದ ವಿದ್ಯುತ್ತನ್ನು ಅದೇ ಸಬ್‌ಸ್ಟೇಷನ್ನಿನ 11 ಕೆವಿ ಮಟ್ಟದಲ್ಲಿ ಸೇರಿಸಿದರೆ, ಅದು ಅಲ್ಲಿಂದಲೇ ಸುತ್ತಲಿನ ಪಂಪ್‌ಸೆಟ್‌ಗಳಿಗೆ ಹರಿಯುತ್ತದೆ. ದೂರದಿಂದ ಹೊತ್ತು ತರುವಾಗ ಲೈನಿನಲ್ಲಿ ಆಗುವ ನಷ್ಟ ತಪ್ಪುತ್ತದೆ, ವೋಲ್ಟೇಜ್ ಸುಧಾರಿಸುತ್ತದೆ, ಮೋಟಾರು ಸುಡುವುದು ಕಡಿಮೆಯಾಗುತ್ತದೆ. ಮನೆಗಳ ಲೈನನ್ನೂ ಪಂಪ್‌ಸೆಟ್‌ಗಳ ಲೈನನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ನಮ್ಮಲ್ಲಿ ಹಿಂದೆಯೇ ನಡೆದಿರುವುದರಿಂದ, ಬಹಳ ಕಡೆ ಇದಕ್ಕೆ ಬೇಕಾದ ಅಡಿಪಾಯವೂ ಸಿದ್ಧವಾಗಿದೆ.

ಹೀಗಿದ್ದೂ ಬಂಡವಾಳ ಇತ್ತ ಏಕೆ ಓಡಿ ಬರುತ್ತಿಲ್ಲ? ಉತ್ತರ ತಿಳಿಯಬೇಕಾದರೆ ಪಾವಗಡವನ್ನು ನೋಡಬೇಕು.

ಪಾವಗಡದ ಶಕ್ತಿಸ್ಥಳ 2,050 ಮೆಗಾವ್ಯಾಟಿನ ಸೌರ ಪಾರ್ಕು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13 ಸಾವಿರ ಎಕರೆ ಜಮೀನನ್ನು ಸರ್ಕಾರ ಖರೀದಿಸಲಿಲ್ಲ; ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಗುತ್ತಿಗೆಗೆ ಪಡೆಯಿತು. ಮಳೆಯನ್ನು ನಂಬಿ ಶೇಂಗಾ ಬಿತ್ತಿ ಸಾಲ ಕೊಯ್ಯುತ್ತಿದ್ದ ಸೀಮೆಯಲ್ಲಿ ಇದು ಖಚಿತ ಆದಾಯ. ಇದೇ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ 2005ರ ಫೆಬ್ರುವರಿಯಲ್ಲಿ ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿ ನಡೆದಿತ್ತು ಎಂಬುದನ್ನು ಇವತ್ತಿನ ಹೂಡಿಕೆದಾರರಲ್ಲಿ ಎಷ್ಟು ಜನ ಬಲ್ಲರೋ ತಿಳಿಯದು. ಅಂಥ ಕಡೆ ಒಂದೂವರೆ ದಶಕದೊಳಗೆ ಸಾವಿರಾರು ಕೋಟಿಯ ಬಂಡವಾಳ ಬಂದು ಕೂತಿತೆಂದರೆ, ಜಮೀನು ಕಳೆದುಕೊಳ್ಳುವ ಭಯವಿಲ್ಲದ ಒಪ್ಪಂದದ ಪಾತ್ರ ಅದರಲ್ಲಿ ದೊಡ್ಡದು ಎಂದು ನನ್ನ ನಂಬಿಕೆ. ಆದರೆ ಗುತ್ತಿಗೆ ಹಣ ಸಿಕ್ಕಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ದೊಡ್ಡ ಪಾರ್ಕುಗಳ ಸುತ್ತ ಬೇಲಿ, ಕ್ಯಾಮೆರಾ, ಕಾವಲುಗಾರರು, ತಾಮ್ರದ ಕೇಬಲ್ಲಿನ ಕಳವಿನ ದೂರು ಇವೆಲ್ಲ ಇದ್ದೇ ಇರುತ್ತವೆ. ಸುತ್ತಲಿನ ಊರಿಗೆ ಪಾಲಿಲ್ಲದ ಸ್ಥಾವರವನ್ನು ಕಾಯಲು ಆಗುವ ಖರ್ಚು, ಊರಿಗೆ ಪಾಲು ಕೊಡಲು ಆಗುತ್ತಿದ್ದ ಖರ್ಚಿಗಿಂತ ಕಡಿಮೆ ಎಂದು ನನಗೆ ಯಾರೂ ಲೆಕ್ಕ ಮಾಡಿ ತೋರಿಸಿಲ್ಲ.

ಹೂಡಿಕೆದಾರನಿಗೆ ಪಾವಗಡ ಏಕೆ ಇಷ್ಟವಾಯಿತೆಂದರೆ, ಜಮೀನಿನ ತಂಟೆ ಸರ್ಕಾರದ್ದು, ಲೈನು ಎಳೆಯುವ ಹೊಣೆ ಸರ್ಕಾರದ್ದು, ಕೊಳ್ಳುವವರು ಮೊದಲೇ ಗೊತ್ತಿರುವವರು. ಈ ನಾಡಿನ ವಿದ್ಯುತ್ತಿನ ಚರಿತ್ರೆಯೇ ಹಾಗಿದೆ: 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಹಣ ಕೊಡುವ ಗಿರಾಕಿ ಎಲ್ಲಿದ್ದಾನೋ ತಂತಿ ಅಲ್ಲಿಗೆ ಮೊದಲು ಹೋಗುತ್ತದೆ. ಇದರಲ್ಲಿ ನನಗೆ ನೈತಿಕ ಆಕ್ಷೇಪವೇನೂ ಇಲ್ಲ. ಬ್ಯಾಂಕಿನ ಕಂತು ಕಟ್ಟುವವನು ಬೇರೆ ರೀತಿ ಯೋಚಿಸಲಾರ.

ಫೀಡರ್ ಸೌರೀಕರಣದಲ್ಲಿ ಇವೆಲ್ಲ ತಲೆಕೆಳಗು. ಒಂದೊಂದು ಘಟಕವೂ ಕೆಲವೇ ಮೆಗಾವ್ಯಾಟಿನದು, ಹತ್ತು ತಾಲ್ಲೂಕುಗಳಲ್ಲಿ ಚೆಲ್ಲಾಪಿಲ್ಲಿ. ಪ್ರತಿಯೊಂದಕ್ಕೂ ಬೇರೆ ಜಮೀನು, ಬೇರೆ ಪಹಣಿ, ಬೇರೆ ಕಾಗದಪತ್ರ. ಹಗಲಿನಲ್ಲಿ ಸಬ್‌ಸ್ಟೇಷನ್ನಿಗೆ ವಿದ್ಯುತ್ ಇಲ್ಲದಿದ್ದರೆ ನಮ್ಮ ಘಟಕವೂ ಸುಮ್ಮನೆ ಕೂರುತ್ತದೆ, ಆ ನಷ್ಟ ನಮ್ಮದೇ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮಿಂದ ಕೊಳ್ಳುವ ಎಸ್ಕಾಂಗಳಿಗೆ ಅಂತಿಮ ಬಳಕೆದಾರನಿಂದ ಒಂದು ರೂಪಾಯಿಯೂ ಬರುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಅದರ ಬಾಬ್ತು ಸರ್ಕಾರ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕು ಸಹಾಯಧನವಾಗಿ ತುಂಬಿಕೊಡಬೇಕು, ಅದು ತಡವಾದಷ್ಟೂ ನಮ್ಮ ಬಿಲ್ಲು ತಡವಾಗುತ್ತದೆ. ಆದ್ದರಿಂದ ಖಾಸಗಿ ಬಂಡವಾಳ ಬರಲಿ ಎಂದು ಭಾಷಣ ಮಾಡುವುದಕ್ಕಿಂತ, ಆ ಸಹಾಯಧನದ ಒಂದು ಸಣ್ಣ ಭಾಗವನ್ನು ಈ ಘಟಕಗಳ ಪಾವತಿಗೆಂದೇ ಪ್ರತ್ಯೇಕ ಖಾತೆಯಲ್ಲಿ ಮುಂಗಡವಾಗಿ ಇಟ್ಟರೆ ಸಾಕು. ಸಾಲದ ಬಡ್ಡಿ ತಾನಾಗಿ ಇಳಿಯುತ್ತದೆ, ದರವೂ ಇಳಿಯುತ್ತದೆ.

ಹಗಲಿನಲ್ಲಿ ಪುಕ್ಕಟೆ ವಿದ್ಯುತ್ ಧಾರಾಳವಾಗಿ ಸಿಕ್ಕರೆ ಅಂತರ್ಜಲ ಇನ್ನಷ್ಟು ಬೇಗ ಬರಿದಾಗುತ್ತದೆ ಎಂಬ ಆಕ್ಷೇಪವಿದೆ, ಅದು ಪೊಳ್ಳಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ತಾಲ್ಲೂಕುಗಳು ನಮ್ಮಲ್ಲಿವೆ. ಆದರೆ ರಾತ್ರಿ ಪಾಳಿ ನೀರನ್ನು ಉಳಿಸುತ್ತಿದೆ ಎಂದು ನಾನು ಒಪ್ಪಲಾರೆ. ಮೋಟಾರು ಚಾಲೂ ಮಾಡಿ ಮನೆಗೆ ಬಂದು ಮಲಗಿದವನ ಹೊಲದಲ್ಲಿ ಬೆಳಗಿನವರೆಗೆ ನೀರು ಹರಿದು ಕಟ್ಟೆ ಒಡೆದು ಹೋಗುವುದನ್ನು ಹಳ್ಳಿಯಲ್ಲಿ ಯಾರಾದರೂ ಹೇಳುತ್ತಾರೆ. ನೀರಿನ ಮಿತಿಯನ್ನು ಗಂಟೆಗಳ ಮಿತಿಯಿಂದ, ಹನಿ ನೀರಾವರಿಯಿಂದ, ಬೆಳೆಯ ಆಯ್ಕೆಯಿಂದ ಸಾಧಿಸಬೇಕು. ರೈತನ ನಿದ್ದೆಯನ್ನೂ ಜೀವವನ್ನೂ ಅದಕ್ಕೆ ಅಡವಿಡಬಾರದು.

ಇನ್ನು ತಂತಿಯ ವಿಷಯ. 2023ರ ನವೆಂಬರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ವೃತ್ತದಲ್ಲಿ, ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಯುವ ತಾಯಿಯೂ ಆಕೆಯ ಎಳೆಯ ಮಗುವೂ ಸತ್ತರು. ಕೆಲವು ಅಮಾನತುಗಳಾದವು, ಟಿವಿಯಲ್ಲಿ ಚರ್ಚೆಗಳಾದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2021ರಲ್ಲಿ ದೇಶದಲ್ಲಿ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸತ್ತಿದ್ದಾರೆ. ಹಸಿರು ಇಂಧನವೆಂದು ನಾವು ಮಾರುವ ವಿದ್ಯುತ್ತೂ ಕೊನೆಗೆ ಹರಿಯುವುದು ಇದೇ ಜೋತುಬಿದ್ದ ತಂತಿಗಳಲ್ಲಿ, ಇದೇ ಬೇಲಿಯಿಲ್ಲದ ಟಿಸಿಗಳ ಮೂಲಕ. ಸ್ಥಾವರಕ್ಕೆ ಸಾಲ ಸಿಗುತ್ತದೆ, ಏಕೆಂದರೆ ಅದು ಆದಾಯ ತರುತ್ತದೆ. ಕಂಬ ನೇರ ಮಾಡುವುದರಿಂದ ಯಾರಿಗೂ ಆದಾಯವಿಲ್ಲ.

ಮನೆಯ ಚಾವಣಿಯ ಸೋಲಾರ್ ವಿಷಯದಲ್ಲಿ ಗ್ರಾಹಕರಿಂದ ನಾನು ಪದೇ ಪದೇ ಕೇಳುವ ದೂರೊಂದಿದೆ: ‘ಏನ್ ಸಾರ್, ಇಷ್ಟು ದುಡ್ಡು ಹಾಕಿ ಸೋಲಾರ್ ಹಾಕಿಸಿದ್ದೀವಿ, ಕರೆಂಟ್ ಹೋದರೆ ಅದೂ ನಿಂತುಹೋಗುತ್ತಲ್ಲ?’ ನಿಲ್ಲಬೇಕು. ಎಲ್.ಸಿ. (ಲೈನಿನ ವಿದ್ಯುತ್ ನಿಲ್ಲಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡು ಕಂಬ ಹತ್ತಿದ ಲೈನ್‌ಮನ್ ಲೈನಿನಲ್ಲಿ ವಿದ್ಯುತ್ ಇಲ್ಲವೆಂದು ನಂಬಿ ಕೈಯಿಡುವಾಗ, ಯಾವುದೋ ಮನೆಯ ಇನ್ವರ್ಟರ್ ಕೆಳಗಿನಿಂದ ಕರೆಂಟನ್ನು ಹಿಂದಕ್ಕೆ ತಳ್ಳಬಾರದೆಂದೇ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರಿಗೆ ಆ ಗುಣವನ್ನು ಇಟ್ಟಿರುತ್ತಾರೆ. ಅದನ್ನು ತಪ್ಪಿಸಿ ಕೊಡುವ ಅಡ್ಡದಾರಿ ಹೇಳುವವರು ಮಾರುಕಟ್ಟೆಯಲ್ಲಿ ಇದ್ದಾರೆ. ಅಂಥವರನ್ನು ಬಾಗಿಲಿನಿಂದಲೇ ಕಳುಹಿಸಿ. ಅರ್ಥಿಂಗ್, ಸಿಡಿಲು ನಿರೋಧಕ, 30 ಮಿಲಿಆಂಪಿಯರಿನ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿ, ಇವುಗಳಲ್ಲಿ ಉಳಿಸಿದ ಹಣದಿಂದ ಯಾರ ಕೊಟೇಶನ್ನೂ ಗಮನಾರ್ಹವಾಗಿ ಅಗ್ಗವಾಗುವುದಿಲ್ಲ. ಹೊಲದ ಬೇಲಿಯ ಮಾತೂ ಅಷ್ಟೇ: ಕಾಡುಹಂದಿಗೆಂದು ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಕೊಲೆಗೆ ಸಮ, ಕಾನೂನಿಗೂ ವಿರುದ್ಧ, ಸರಿಯಾಗಿ ಅಳವಡಿಸಿದ ಸೋಲಾರ್ ಬೇಲಿ ಕ್ಷಣಮಾತ್ರದ ಹೊಡೆತ ಕೊಟ್ಟು ಪ್ರಾಣಿಯನ್ನು ಹೆದರಿಸಿ ಬಿಡುತ್ತದೆ.

ಮುಂದಿನ ಅಪಾಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ನಮ್ಮ ಉದ್ಯಮದ ಒಳಗಿನಿಂದಲೇ ಬರಲಿದೆ. ಬ್ಯಾಟರಿಯ ಬೆಲೆ ಇಳಿಯುತ್ತಿದೆ. ಹಗಲಿನ ವಿದ್ಯುತ್ತನ್ನು ಕೂಡಿಟ್ಟು, ಬೇಡಿಕೆಯೂ ದರವೂ ಏರುವ ಸಂಜೆಯ ಹೊತ್ತಿಗೆ ಮಾರುವುದು ಇನ್ನು ಕೆಲವೇ ವರ್ಷಗಳಲ್ಲಿ ಎಲ್ಲ ಹೂಡಿಕೆದಾರರಿಗೂ ಲಾಭದ ದಾರಿಯಾಗುತ್ತದೆ. ಆಗ ಹಗಲಿನ ವಿದ್ಯುತ್ತಿಗೆ ಪೇಟೆಯ ಗಿರಾಕಿ ಹುಟ್ಟಿ, ಪಂಪ್‌ಸೆಟ್‌ಗಳು ಸದ್ದಿಲ್ಲದೆ ಮತ್ತೆ ರಾತ್ರಿ ಪಾಳಿಗೆ ಜಾರುವ ಸಾಧ್ಯತೆ ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಆದ್ದರಿಂದ ಫೀಡರ್ ಘಟಕಗಳ ಒಪ್ಪಂದದಲ್ಲಿ ಇಷ್ಟು ಯೂನಿಟ್ ಎಂದು ಮಾತ್ರ ಬರೆಯದೆ, ಬೆಳಗಿನಿಂದ ಸಂಜೆಯೊಳಗೆ ಪಂಪ್‌ಸೆಟ್‌ಗೆ ಇಷ್ಟು ಗಂಟೆ ಎಂದು ಬರೆಯಬೇಕು. ಘಟಕದ ತಪ್ಪಿನಿಂದ ಆ ಗಂಟೆ ತಪ್ಪಿದರೆ ನನ್ನ ಪಾವತಿಯಲ್ಲಿ ಕಡಿತವಾಗಲಿ, ಲೈನಿನ ತಪ್ಪಿನಿಂದ ತಪ್ಪಿದರೆ ಎಸ್ಕಾಂ ನನಗೆ ತುಂಬಿಕೊಡಲಿ. ಅದರ ಜೊತೆಗೆ, ಪ್ರತಿ ಕೃಷಿ ಫೀಡರಿನ ವ್ಯಾಪ್ತಿಯಲ್ಲಿ ರಾತ್ರಿ ಹೊಲದಲ್ಲಿ ನಡೆದ ಸಾವುಗಳನ್ನು, ಅದು ಹಾವಿನಿಂದಾಗಲಿ ಶಾಕಿನಿಂದಾಗಲಿ ಕಾಡುಪ್ರಾಣಿಯಿಂದಾಗಲಿ, ಒಂದೇ ಪಟ್ಟಿಯಲ್ಲಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಆ ಪಟ್ಟಿ ಕೈಗೆ ಬಂದರೆ, ಟೆಂಡರಿನಲ್ಲಿ ಯಾವ ಫೀಡರಿಗೆ ಮೊದಲು ಅರ್ಜಿ ಹಾಕಬೇಕೆಂಬುದನ್ನು ಅದನ್ನು ನೋಡಿ ನಿರ್ಧರಿಸಬಲ್ಲೆ. ಸದ್ಯಕ್ಕೆ ನಾನೂ ನನ್ನಂಥವರೂ ಅದನ್ನು ನಿರ್ಧರಿಸುತ್ತಿರುವುದು ಸಬ್‌ಸ್ಟೇಷನ್ ಪಕ್ಕದ ಜಮೀನು ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ನೋಡಿ.