ಕಾಗುಣಿತ ತಪ್ಪದ ಗಾಳ

ಕೇಳುಗರೇ, ನಮಸ್ಕಾರ.

ಮೋಸದ ಇಮೇಲನ್ನು ಅದರ ಕಾಗುಣಿತದಿಂದಲೇ ಗುರುತಿಸಬಹುದು ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದವನು ನಾನು. ಆ ಮಾತನ್ನು ಇವತ್ತು ಹಿಂದಕ್ಕೆ ಪಡೆಯಬೇಕಾಗಿದೆ.

ಬ್ಯಾಂಕಿನದೋ ಕಚೇರಿಯದೋ ಸೋಗು ಹಾಕಿ ಪಾಸ್‌ವರ್ಡ್ ಮತ್ತು ಹಣ ಎಗರಿಸುವ ಈ ವಿದ್ಯೆಗೆ ಫಿಶಿಂಗ್ ಎಂಬ ಹೆಸರು ಬಿದ್ದದ್ದು 1990ರ ದಶಕದಲ್ಲಿ. ಗಾಳ ಹಾಕುವುದು ಎಂದೇ ಅರ್ಥ. ಗಾಳಕ್ಕೆ ಸಿಕ್ಕಿಸಿದ ಎರೆ ಮಾತ್ರ ಬಹುಕಾಲ ಒರಟಾಗಿಯೇ ಇತ್ತು. ಲಕ್ಷಾಂತರ ಡಾಲರ್ ಆಸೆ ತೋರಿಸುವ ಪತ್ರಗಳು ಅಷ್ಟು ಪೆದ್ದುಪೆದ್ದಾಗಿರುವುದೇಕೆ? ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟರು. ಆ ಪೆದ್ದುತನವೇ ಜರಡಿ. ಅನುಮಾನದ ಸ್ವಭಾವದವರು ಮೊದಲ ಸಾಲಿಗೇ ನಕ್ಕು ಸುಮ್ಮನಾಗುತ್ತಾರೆ. ಉತ್ತರಿಸುವವರ ಮೇಲಷ್ಟೇ ವಂಚಕ ತನ್ನ ಹೊತ್ತನ್ನು ಹೂಡಿದರೆ ಸಾಕು.

ಕೃತಕ ಬುದ್ಧಿಮತ್ತೆ ತಲೆಕೆಳಗು ಮಾಡಿದ್ದು ಈ ಲೆಕ್ಕಾಚಾರವನ್ನು. ಯಂತ್ರಕ್ಕೆ ಹೊತ್ತಿನ ಕೊರತೆಯಿಲ್ಲ, ಬೇಸರವಿಲ್ಲ. ಸಾವಿರ ಮಂದಿಗೆ ಒಟ್ಟಿಗೇ, ಅವರವರ ಭಾಷೆಯಲ್ಲಿ, ಅವರ ಹುದ್ದೆಯನ್ನೋ ಜಾಲತಾಣದಲ್ಲಿ ತಾವೇ ಹಾಕಿಕೊಂಡ ಪ್ರವಾಸದ ಚಿತ್ರವನ್ನೋ ನೆನಪಿಸಿ ಅದು ಬರೆಯಬಲ್ಲದು. ಹಿಂದೆ ದೊಡ್ಡ ಅಧಿಕಾರಿಯೊಬ್ಬರನ್ನು ಕೆಡವಲು ಮಾತ್ರ ಪಡುತ್ತಿದ್ದ ಶ್ರಮವನ್ನು ಈಗ ನಿಮಗಾಗಿ, ನನಗಾಗಿಯೂ ಪಡುತ್ತಾರೆ. ಇದನ್ನೊಂದು ಗೌರವವೆಂದೇ ಭಾವಿಸಬಹುದೇನೋ!

ಬರಹವಾದರೂ ಹೋಗಲಿ. 2024ರ ಆರಂಭದಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರಿಗೆ ಗುಟ್ಟಿನ ವ್ಯವಹಾರವೊಂದರ ಸಂದೇಶ ಬಂತು. ಅವರಿಗೆ ಅನುಮಾನವೂ ಬಂತು. ಆದರೆ ಆಮೇಲಿನ ವಿಡಿಯೊ ಸಭೆಯಲ್ಲಿ ಹಣಕಾಸು ಮುಖ್ಯಸ್ಥರು, ಸಹೋದ್ಯೋಗಿಗಳು ಎಲ್ಲರೂ ಕಂಡರು, ಮಾತಾಡಿದರು. ಅನುಮಾನ ಕರಗಿತು. ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೋಯಿತು. ಆ ಸಭೆಯಲ್ಲಿದ್ದ ಉಳಿದ ಮುಖಗಳೆಲ್ಲ ಯಂತ್ರವೇ ಹೆಣೆದಂಥವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ವಿಡಿಯೊ ಕರೆಯನ್ನು ಕಂಡವರಲ್ಲ, ಆದರೂ ಮಾತು ಸರಿಯಾಗಿ ಕೂರುತ್ತದೆ.

ಕಾಯುವವರ ಕೈಯಲ್ಲೂ ಇದೇ ಯಂತ್ರವಿದೆ. ಈ ವಿಳಾಸ ನಿನ್ನೆ ಹುಟ್ಟಿದ್ದೇ, ಈ ಮನುಷ್ಯ ಎಂದಾದರೂ ಹೀಗೆ ಅವಸರಪಡಿಸಿದ್ದುಂಟೇ, ಬ್ಯಾಂಕ್ ಖಾತೆಯ ಸಂಖ್ಯೆ ದಿಢೀರನೆ ಬದಲಾಯಿತೇಕೆ ಎಂದು ಇಮೇಲ್ ಸೋಸುವ ವ್ಯವಸ್ಥೆಗಳು ತೂಗಿ ನೋಡುತ್ತವೆ. ಒಳ್ಳೆಯದೇ. ಆದರೆ ಅದು ಊಹೆ, ಮತ್ತು ಊಹೆ ತಪ್ಪುತ್ತದೆ.

ನನಗೆ ಹೆಚ್ಚು ನಂಬಿಕೆ ಇರುವುದು ಬುದ್ಧಿಯೇ ಇಲ್ಲದ ಕಾವಲುಗಾರನ ಮೇಲೆ. ಪಾಸ್‌ಕೀ ಎಂಬುದು ಪಾಸ್‌ವರ್ಡ್ ಬದಲಿಗೆ ಬಳಸುವ, ಅಸಲಿ ತಾಣದ ವಿಳಾಸಕ್ಕೇ ಕಟ್ಟಿದ ಡಿಜಿಟಲ್ ಕೀಲಿ. ನಕಲಿ ತಾಣ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಅದು ತಿರುಗುವುದಿಲ್ಲ. ಒಟಿಪಿಯನ್ನಾದರೆ ಮರುಳಾಗಿ ಓದಿ ಹೇಳಿಬಿಡಬಹುದು. ಪಾಸ್‌ಕೀಯನ್ನು ಹೇಳಲು ಬಾಯಲ್ಲಿ ಅಕ್ಷರವೇ ಇರುವುದಿಲ್ಲ.

ಫೋನಿನಲ್ಲಿ ಬರುವ ದನಿಗೆ ಇಂಥ ಕೀಲಿ ಇಲ್ಲ. ತುರ್ತಾಗಿ ಹಣ ಕಳಿಸು ಎಂದರೆ ಕರೆಯನ್ನು ಕಡಿದು, ನಿಮ್ಮ ಬಳಿ ಮೊದಲಿಂದಲೂ ಇರುವ ಸಂಖ್ಯೆಗೆ ನೀವೇ ಮಾಡಿ. ಆ ಕಡೆ ನಿಜವಾದ ಮೇಲಧಿಕಾರಿಯೇ ಇದ್ದರೆ ಸ್ವಲ್ಪ ಸಿಡುಕಬಹುದು. ಸಿಡುಕಲಿ.

ನಮಸ್ಕಾರ.